ವೆಸ್ಟ್‌ಮನ್ನಾಗೆ ಹೋದ ಹತ್ತು ಮಂದಿ

ಮಗುವಿಗೆ ದಡಾರ ಎದ್ದರೆ ಬೇರೆ ಕೋಣೆಯಲ್ಲಿ ಮಲಗಿಸಿದರೆ ಸಾಲದೇ, ಮನೆಯ ಮಿಕ್ಕ ಮಕ್ಕಳಿಗೆಲ್ಲ ಲಸಿಕೆ ಯಾಕೆ ಎಂದು ಕೇಳುವ ತಂದೆ ತಾಯಿಯರು ಇಂದಿಗೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇದರ ಉತ್ತರದ ಮೊದಲರ್ಧ ಸಿಕ್ಕಿದ್ದು 1846ರಲ್ಲಿ, ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ. ಮನುಷ್ಯರ ಕಾಯಿಲೆಗೆ ರೋಗಾಣು ಕಾರಣವೆಂದು ಪಾಶ್ಚರ್, ಕಾಕ್ ತೋರಿಸಿಕೊಡಲು ಆಗಿನ್ನೂ ದಶಕಗಳಿದ್ದವು.

ಕೋಪನ್‌ಹೇಗನ್‌ನಿಂದ ಹೊರಟ ಬಡಗಿಯೊಬ್ಬ ಆ ವರ್ಷ ಮಾರ್ಚ್ 28ರಂದು ದ್ವೀಪಗಳ ತೋರ್ಶಾವ್ನ್ ಬಂದರಿನಲ್ಲಿ ಇಳಿದ. ಹೊರಡುವ ಮುನ್ನ ದಡಾರದ ರೋಗಿಗಳನ್ನು ನೋಡಿಕೊಂಡು ಬಂದಿದ್ದ. ಇಳಿದಾಗ ಆರೋಗ್ಯವಾಗಿಯೇ ಇದ್ದವನು ಏಪ್ರಿಲ್ ಮೊದಲಲ್ಲಿ ಮಲಗಿದ. ದ್ವೀಪಗಳು 1781ರಿಂದ ಈಚೆಗೆ ದಡಾರವನ್ನೇ ಕಂಡಿರಲಿಲ್ಲ. ಕೆಲವೇ ತಿಂಗಳಲ್ಲಿ ಅಲ್ಲಿನ ಸುಮಾರು 7,800 ಜನರ ಪೈಕಿ 6,000 ಮಂದಿ ಹಾಸಿಗೆ ಹಿಡಿದರು.

ಡೆನ್ಮಾರ್ಕ್ ಸರ್ಕಾರ ಕಳುಹಿಸಿದ ವೈದ್ಯರಲ್ಲಿ ಪೀಟರ್ ಲುಡ್ವಿಗ್ ಪನುಮ್‌ಗೆ ಆಗ 25 ವರ್ಷ. ಆತ 52 ಹಳ್ಳಿಗಳನ್ನು ಸುತ್ತಿ, ಯಾರು ಯಾವಾಗ ಯಾರನ್ನು ಕಂಡರು, ಮೈಮೇಲೆ ದದ್ದು ಎದ್ದದ್ದು ಯಾವತ್ತು ಎಂದು ಬರೆದುಕೊಂಡ. ಕಡಿದಾದ ಬೆಟ್ಟ, ಸಮುದ್ರಗಳ ನಡುವಿನ ಊರುಗಳಿಗೆ ಹೊರಗಿನವರು ಬರುವುದೇ ಅಪರೂಪವಾದ್ದರಿಂದ ಜನರಿಗೆ ದಿನಗಳು ಚೆನ್ನಾಗಿ ನೆನಪಿದ್ದವು.

ಚೊರ್ನುವಿಕ್ ಎಂಬ ಹಳ್ಳಿಯ ಲೆಕ್ಕವನ್ನೇ ನೋಡಿ. ಜೂನ್ 4ರಂದು ಅಲ್ಲಿಂದ ಹತ್ತು ಮಂದಿ ಒಂದೇ ದೋಣಿಯಲ್ಲಿ ವೆಸ್ಟ್‌ಮನ್ನಾಗೆ ತಿಮಿಂಗಿಲ ಬೇಟೆಗೆ ಹೋದರು. ಜೂನ್ 18ರಂದು ಹತ್ತೂ ಮಂದಿಗೆ ದದ್ದು ಎದ್ದಿತು. ಹಳ್ಳಿಯ ಉಳಿದವರ ಸರದಿ ಬಂದದ್ದು ಮತ್ತೆ ಸುಮಾರು ಎರಡು ವಾರಕ್ಕೆ. ಹಳ್ಳಿ ಹಳ್ಳಿಯಲ್ಲೂ ಇದೇ ಅಂತರ: ಸೋಂಕು ತಗುಲಿ ದದ್ದು ಏಳಲು 13-14 ದಿನ. ಸೂಕ್ಷ್ಮದರ್ಶಕದ ನೆರವಿಲ್ಲದೆ, ಬರೀ ತಾರೀಕುಗಳನ್ನು ಜೋಡಿಸಿ ಪಡೆದ ಈ ಸಂಖ್ಯೆಯನ್ನು ವೈದ್ಯರು ಇವತ್ತಿಗೂ ಒಪ್ಪುತ್ತಾರೆ. ರೋಗಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ವಿರಳ.

1781ರಲ್ಲಿ ದಡಾರ ಆಗಿದ್ದ 98 ವೃದ್ಧರನ್ನೂ ಪನುಮ್ ವಿಚಾರಿಸಿದ. ಅವರಲ್ಲಿ ಒಬ್ಬರಿಗೂ ಮತ್ತೆ ಬಂದಿರಲಿಲ್ಲ. ದೇಹ 65 ವರ್ಷ ರೋಗವನ್ನು ನೆನಪಿಟ್ಟಿತ್ತು.

ಉತ್ತರದ ಉಳಿದರ್ಧ ಆಮೇಲೆ ತಿಳಿಯಿತು. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ರೋಗಿ ಸೋಂಕು ಹರಡತೊಡಗುತ್ತಾನೆ. ಆಗ ಇರುವುದು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಾದ ಕಣ್ಣು. ನೋಡಿದವರು ನೆಗಡಿ ಎಂದುಕೊಳ್ಳುತ್ತಾರೆ. ಆತ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ಬೇರೆ ಮಲಗಿಸುವ ಹೊತ್ತಿಗೆ ಮನೆಯವರಿಗೆ, ಶಾಲೆಯವರಿಗೆ ಅಂಟಿಯಾಗಿರುತ್ತದೆ. ಅದಕ್ಕೇ ಸಮುದಾಯದಲ್ಲಿ ಸುಮಾರು 95% ಮಂದಿಗೆ ರೋಗನಿರೋಧಕ ಶಕ್ತಿ ಇರಬೇಕೆನ್ನುವುದು.

ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಸಮೋವಾ ದೇಶ 2019ರಲ್ಲಿ ಅನುಭವಿಸಿತು. ಹಿಂದಿನ ವರ್ಷ ಅಲ್ಲಿ ದಾದಿಯರು ಲಸಿಕೆಯ ಪುಡಿಗೆ ತಪ್ಪಾಗಿ ಬೇರೆ ಔಷಧಿ ಬೆರೆಸಿದ್ದರಿಂದ ಎರಡು ಕೂಸುಗಳು ಸತ್ತಿದ್ದವು. ತಪ್ಪು ಲಸಿಕೆಯದಲ್ಲ. ಆದರೂ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಜನರ ನಂಬಿಕೆಯೂ ಹೋಯಿತು. ನ್ಯೂಜಿಲೆಂಡ್‌ನಿಂದ ದಡಾರ ಬಂದಿಳಿದಾಗ ಸುಮಾರು ಎರಡು ಲಕ್ಷ ಜನರ ಆ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿ ಮಲಗಿದರು, 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಎರಡು ದಿನ ಇಡೀ ದೇಶದ ಕೆಲಸ ನಿಲ್ಲಿಸಿ, ಲಸಿಕೆ ಆಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿಸಿ, ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಸೂಜಿ ಚುಚ್ಚಬೇಕಾಯಿತು.