ಸೊರಗಿದ್ದೋ, ಸೊರಗಿಸಿದ್ದೋ?

ಡಾಲರಿನ ಎದುರು ರೂಪಾಯಿಯ ಬೆಲೆ ಇಳಿದಾಗ ಇಂಗ್ಲಿಷ್ ಪತ್ರಿಕೆಗಳ ಕೈಗೆ ಸುಲಭವಾಗಿ ಸಿಗುವ ಕ್ರಿಯಾಪದ ‘ವೀಕನ್’. ತಾನಾಗಿ ಸೊರಗುವುದಕ್ಕೂ ಇನ್ನೊಬ್ಬರು ಸೊರಗಿಸುವುದಕ್ಕೂ ಅಲ್ಲಿ ಅದೊಂದೇ ರೂಪ. ಕನ್ನಡದಲ್ಲಿ ಹಾಗೆ ನುಣುಚಿಕೊಳ್ಳಲು ಬರುವುದಿಲ್ಲ. ಕುಗ್ಗು, ಸೊರಗು ಎಂಬ ಮಾತಿಗೆ ‘ಇಸು’ ಹಚ್ಚಿದೊಡನೆ ಮಾಡಿದವನೊಬ್ಬ ಮುಂದೆ ಬಂದು ನಿಲ್ಲುತ್ತಾನೆ. ಹಾಗೆಂದು ಇಂಗ್ಲಿಷಿಗೆ ಈ ಭೇದ ಗೊತ್ತಿಲ್ಲವೆಂದಲ್ಲ. ಹಣದ ಬೆಲೆ ಮಾರುಕಟ್ಟೆಯ ಏರಿಳಿತದಲ್ಲಿ ಇಳಿದರೆ ‘ಡಿಪ್ರಿಷಿಯೇಟ್’, ಸರ್ಕಾರವೇ ಇಳಿಸಿದರೆ ‘ಡಿವ್ಯಾಲ್ಯೂ’. 1966ರ ಜೂನ್ 6ರಂದು ಡಾಲರಿಗೆ 4.76 ರೂಪಾಯಿ ಇದ್ದ ದರ 7.50ಕ್ಕೆ ಹೋದದ್ದು ಎರಡನೆಯ ಬಗೆಯದು, ಇಂದಿರಾ ಗಾಂಧಿ ಸರ್ಕಾರದ ತೀರ್ಮಾನ. ಆದ್ದರಿಂದ ಬಲಗುಂದುವಿಕೆಯ ಇಂಗ್ಲಿಷ್ ಕ್ರಿಯಾಪದಗಳನ್ನು ಸಮಾನಾರ್ಥಕಗಳ ಪಟ್ಟಿಯಾಗಿ ಉರುಹೊಡೆಯುವುದಕ್ಕಿಂತ, ಬಲ ಹೋದದ್ದು ಯಾರಿಂದ, ಯಾವ ದಾರಿಯಿಂದ ಎಂಬ ಪ್ರಶ್ನೆಗೆ ಸಿಗುವ ಬೇರೆಬೇರೆ ಉತ್ತರಗಳಾಗಿ ಓದುವುದು ಲೇಸು.

‘ಅಂಡರ್‌ಮೈನ್’ ಎಂಬುದನ್ನೇ ನೋಡಿ. ಇದು ಮುತ್ತಿಗೆಯ ಕಾಲದ ಮಾತು. ಕೋಟೆಗೋಡೆಯ ಕೆಳಗೆ ಸುರಂಗ ತೋಡಿ, ಗೋಡೆಗೆ ಮರದ ಕಂಬಗಳ ಆಸರೆ ಕೊಟ್ಟು, ಕೊನೆಗೆ ಆ ಕಂಬಗಳಿಗೇ ಬೆಂಕಿಯಿಟ್ಟು ಗೋಡೆಯನ್ನು ಕೆಡವುತ್ತಿದ್ದರು. 1215ರಲ್ಲಿ ದೊರೆ ಜಾನ್ ತನ್ನ ವಿರುದ್ಧ ದಂಗೆಯೆದ್ದವರಿದ್ದ ರೋಚೆಸ್ಟರ್ ಕೋಟೆಯ ಒಂದು ಮೂಲೆಯನ್ನು ಹೀಗೆಯೇ ಉರುಳಿಸಿದ. ಬೆಂಕಿಗೆ ನಲವತ್ತು ಹಂದಿಗಳ ಕೊಬ್ಬು ಬಳಕೆಯಾಯಿತು. ‘ಸ್ಯಾಪ್’ ಕೂಡ ಅದೇ ಕಸುಬಿನ ಪದ, ಗುದ್ದಲಿ ಎಂಬರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಹೆಸರಿನಲ್ಲಿರುವುದೂ ಆ ಗುದ್ದಲಿಯೇ. ಈ ಎರಡು ಪದಗಳಲ್ಲಿ ಪೆಟ್ಟು ಬೀಳುವುದು ಕಣ್ಣಿಗೆ ಕಾಣದ ಬುಡಕ್ಕೆ. ‘ಇರೋಡ್’ ಹಾಗಲ್ಲ. ಅದರ ಲ್ಯಾಟಿನ್ ಬೇರಿಗೆ ಕಡಿಯುವುದು ಎಂದರ್ಥ, ಇಲಿ ಹೆಗ್ಗಣಗಳ ‘ರೋಡೆಂಟ್’ ಎಂಬ ಹೆಸರೂ ಅದರಿಂದಲೇ. ಅಲ್ಲಿ ಒಂದೇ ದಿನದಲ್ಲಿ ಏನೂ ಬೀಳುವುದಿಲ್ಲ, ಚೂರುಚೂರೇ ಸವೆಯುತ್ತದೆ.

ಕೆಲವು ಪದಗಳಲ್ಲಿ ದೂಷಿಸಲು ಯಾರೂ ಇರುವುದಿಲ್ಲ. ‘ವೇನ್’ ಎಂಬುದು ಕೃಷ್ಣಪಕ್ಷದ ಚಂದ್ರನಂತೆ ತಾನಾಗಿ ಕ್ಷೀಣಿಸುವುದು. ನಾವು ಸಂಸ್ಕೃತದಿಂದ ಪಡೆದ ‘ಊನ’ ಅದರ ದೂರದ ನೆಂಟ. ‘ಅಟೆನ್ಯುಯೇಟ್’ ಎಂದರೆ ತೆಳುವಾಗಿಸುವುದು. ತೆಳು ಎಂಬ ಅರ್ಥವೂ ಇರುವ ಸಂಸ್ಕೃತದ ‘ತನು’ವಿಗೆ ಅದು ಬಂಧು. ಇಲ್ಲಿ ಬಲಗುಂದಿಸುವುದು ಉಪಕಾರವೂ ಆಗಬಲ್ಲದು. ಕಾಲ್ಮೆಟ್ ಮತ್ತು ಗೆರಿನ್ ಎಂಬ ಫ್ರೆಂಚ್ ವಿಜ್ಞಾನಿಗಳು 1908ರಿಂದ ಹದಿಮೂರು ವರ್ಷ, ಸುಮಾರು 230 ಬಾರಿ ಹೊಸಹೊಸದಾಗಿ ಬೆಳೆಸುತ್ತ ದನಗಳ ಕ್ಷಯದ ಸೂಕ್ಷ್ಮಾಣುವಿನ ಕಸುವು ತಗ್ಗಿಸಿದರು. ಆ ಸೊರಗಿದ ಜೀವಿಯೇ ನಮ್ಮ ಮಕ್ಕಳಿಗೆ ಹಾಕಿಸುವ ಬಿಸಿಜಿ ಲಸಿಕೆ.

ಮಾತನಾಡುವವರು ಸುರಂಗವನ್ನೂ ಇಲಿಯನ್ನೂ ನೆನೆದು ಮಾತನಾಡುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಸ್ನಾಯು ಕತ್ತರಿಸುವುದು ಎಂಬ ಮೂಲದ ‘ಎನರ್ವೇಟ್’ ಪದಕ್ಕೆ ನಿತ್ರಾಣಗೊಳಿಸು ಎಂದರ್ಥ. ‘ಎನರ್ಜಿ’ಯ ದನಿ ಕೇಳಿ ಅದನ್ನು ಚೈತನ್ಯ ತುಂಬು ಎಂದು ತಿಳಿಯುವವರು ಇಂಗ್ಲಿಷರಲ್ಲೂ ಇದ್ದಾರೆ. ವ್ಯುತ್ಪತ್ತಿ ಮರೆತುಹೋಗುತ್ತದೆ, ನಿಜ. ಆದರೆ ಪದದ ಒಡನಾಟ ಉಳಿಯುತ್ತದೆ. ಅಧಿಕಾರ, ನಂಬಿಕೆಗಳು ‘ಅಂಡರ್‌ಮೈನ್’ ಆಗುತ್ತವೆ, ಕಾಫಿ ಆಗುವುದಿಲ್ಲ. ಅದು ‘ಡೈಲ್ಯೂಟ್’ ಆಗುತ್ತದೆ. ಚಿತ್ರ ಮಾಸಿದರೂ ಅದು ಹಾಕಿದ ಗೆರೆ ಅಳಿಸಿಲ್ಲ.

ಇವೆಲ್ಲಕ್ಕೂ ‘ದುರ್ಬಲಗೊಳಿಸು’ ಎಂಬ ಒಂದೇ ಮಾತು ಸಾಲದೇ ಎಂಬುದು ಇನ್ನೊಂದು ವಾದ. ಅವಸರದ ಅನುವಾದಕ್ಕೆ ಸಾಕು, ತಪ್ಪೂ ಅಲ್ಲ. ಆದರೆ ಕಾಯ್ದೆಯ ಬುಡ ಕೊರೆದವರು, ಅದಕ್ಕೆ ನೀರು ಬೆರೆಸಿದವರು, ಅದು ಸವೆಯುವಾಗ ಸುಮ್ಮನಿದ್ದವರು, ಮೂವರೂ ಆ ಒಂದು ಪದದ ಮರೆಯಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ಗಿಡ ಬಾಡುತ್ತದೆ, ಕಳೆ ಕುಂದುತ್ತದೆ, ಹಗ್ಗ ಸಡಿಲುತ್ತದೆ, ಮೈ ಬಳಲುತ್ತದೆ, ಕತ್ತಿ ಮೊಂಡಾಗುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ. ನಿಘಂಟು ತೆರೆಯುವ ಮುನ್ನ, ಇಲ್ಲಿ ಸೊರಗಿದ್ದೋ ಸೊರಗಿಸಿದ್ದೋ ಎಂದು ಒಮ್ಮೆ ಕೇಳಿಕೊಳ್ಳಿ. ತಕ್ಕ ಪದ ಆಮೇಲೆ ಸಿಗುತ್ತದೆ.