ನೂರು ಏಳಕ್ಕಿಂತ ಚಿಕ್ಕದಾದದ್ದು ಹೇಗೆ?

ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸು ಎಂದರೆ ಕಂಪ್ಯೂಟರು 100, 35, 7, 98 ಎಂದು ಪಟ್ಟಿ ಕೊಟ್ಟಿತಂತೆ. ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರಕ್ಕೆ ಇಷ್ಟೂ ತಿಳಿಯದೇ ಎಂದು ಶಿಕ್ಷಕಿಯೊಬ್ಬರು ಕೇಳಿದ್ದಾರೆ.

ಯಂತ್ರ ಇಲ್ಲಿ ಲೆಕ್ಕ ಮಾಡಿಯೇ ಇಲ್ಲ, ನಿಘಂಟು ಜೋಡಿಸಿದೆ. ನಿಘಂಟಿನಲ್ಲಿ ‘ಗಜ’ಕ್ಕಿಂತ ಮೊದಲು ‘ಕಮಲ’ ಬರುತ್ತದೆ. ಪದ ಎಷ್ಟು ಉದ್ದ ಎಂಬುದನ್ನು ಯಾರೂ ನೋಡುವುದಿಲ್ಲ, ಮೊದಲ ಅಕ್ಷರದಲ್ಲೇ ತೀರ್ಮಾನ ಮುಗಿಯುತ್ತದೆ. ಹಾಗೆಯೇ ‘100’ರ ಮೊದಲ ಚಿಹ್ನೆ 1, ಅದು 3ಕ್ಕೂ 7ಕ್ಕೂ ಹಿಂದಿನದು. ಆಸ್ಕಿ ಸಂಕೇತದಲ್ಲಿ 0ಯಿಂದ 9ರವರೆಗಿನ ಚಿಹ್ನೆಗಳಿಗೆ 48ರಿಂದ 57ರವರೆಗಿನ ಕ್ರಮಾಂಕಗಳಿವೆ. ಹೋಲಿಕೆ ನಡೆದದ್ದು ಆ ಕ್ರಮಾಂಕಗಳ ನಡುವೆ. ಯೂನಿಕೋಡ್‌ನಲ್ಲಿ ಕನ್ನಡದ ೦ಯಿಂದ ೯ರವರೆಗೆ ಇರುವುದು 3302ರಿಂದ 3311. ಆದ್ದರಿಂದ ಒಂದೇ ಕಾಲಂನಲ್ಲಿ ಎರಡೂ ಬಗೆಯ ಅಂಕಿಗಳು ಬೆರೆತರೆ, 900 ಕೂಡ ನಮ್ಮ ೧ಕ್ಕಿಂತ ಮೊದಲು ನಿಲ್ಲುತ್ತದೆ!

ಕಂಪ್ಯೂಟರಿಗೂ ಹಿಂದಿನ ಕಾರ್ಡು ಯಂತ್ರಗಳಲ್ಲಿ ಈ ತೊಡಕು ಇರಲಿಲ್ಲ. ಅಮೆರಿಕದ 1890ರ ಜನಗಣತಿಗೆ ಹರ್ಮನ್ ಹಾಲರಿತ್ ರಂಧ್ರದ ಕಾರ್ಡುಗಳನ್ನು ಬಳಕೆಗೆ ತಂದ. ಮುಂದೆ ಅವನ್ನು ವಿಂಗಡಿಸಲೆಂದೇ ಯಂತ್ರಗಳು ಬಂದವು. ಐಬಿಎಂನ 082 ಮಾದರಿ ನಿಮಿಷಕ್ಕೆ 650 ಕಾರ್ಡುಗಳನ್ನು 13 ಗೂಡುಗಳಿಗೆ ಹಂಚುತ್ತಿತ್ತು. ಅದು ಒಮ್ಮೆಗೆ ನೋಡುತ್ತಿದ್ದುದು ಒಂದೇ ಸ್ಥಾನವನ್ನು. ನಿರ್ವಾಹಕರು ಮೊದಲು ಬಿಡಿ ಸ್ಥಾನದ ಪ್ರಕಾರ ಹಂಚಿ, ಕಾರ್ಡುಗಳನ್ನು ಕ್ರಮ ಕೆಡದಂತೆ ಒಟ್ಟುಮಾಡಿ, ಆಮೇಲೆ ಹತ್ತರ ಸ್ಥಾನ, ಕೊನೆಗೆ ನೂರರ ಸ್ಥಾನ ಎಂದು ಮತ್ತೆ ಮತ್ತೆ ಹಾಯಿಸುತ್ತಿದ್ದರು. ಚಿಕ್ಕ ಸ್ಥಾನದಿಂದ ಹೊರಟರೂ ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಇಡೀ ಕಂತೆ ಸರಿಯಾದ ಕ್ರಮದಲ್ಲಿರುತ್ತಿತ್ತು. ಎಷ್ಟು ಸೊಗಸಾದ ಉಪಾಯ! ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುವಂತೆ ಅಂಕಿಗಳನ್ನು ಬಲಕ್ಕೆ ಒತ್ತಿ ರಂಧ್ರ ಮಾಡುತ್ತಿದ್ದುದರಿಂದಲೇ ಇದು ಸಾಧ್ಯವಾಯಿತು. ‘7’ ಅಲ್ಲಿ ‘007’ ಆಗಿರುತ್ತಿತ್ತು.

ಇಂದಿನ ತಂತ್ರಾಂಶದಲ್ಲಿ ಆ ಶಿಸ್ತನ್ನು ಬರೆಯುವವರೇ ತರಬೇಕು. ಜಾವಾ ಭಾಷೆಯಲ್ಲಿ ಕೋಷ್ಟಕ ತೋರಿಸುವ ಜೆಟೇಬಲ್ ಎಂಬ ಘಟಕ, ಕಾಲಂ ಯಾವ ಬಗೆಯದೆಂದು ಹೇಳದಿದ್ದರೆ, ಒಳಗೆ ಸಂಖ್ಯೆಯೇ ಇದ್ದರೂ ಅದನ್ನು ಪಠ್ಯವಾಗಿಸಿ ಹೋಲಿಸುತ್ತದೆ. ‘ಇದು ಪೂರ್ಣಾಂಕ’ ಎಂದು ತಿಳಿಸಲು ನಾಲ್ಕೈದು ಸಾಲಿನ ಕೋಡ್ ಸಾಕು. ಅದನ್ನು ಬರೆಯದೆ ಬಿಟ್ಟು, ಬಳಸುವವರು 007 ಎಂದು ಸೊನ್ನೆ ತುಂಬಲಿ ಎನ್ನುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತೋರಿಕೆ ಬೇರೆ, ಬೆಲೆ ಬೇರೆ. ಪರದೆಯ ಮೇಲೆ ‘₹1,25,000’ ಎಂದು ಕಾಣಲಿ. ಒಳಗೆ ಇರಬೇಕಾದದ್ದು ಅಲ್ಪವಿರಾಮ, ರೂಪಾಯಿ ಗುರುತು ಯಾವುದೂ ಇಲ್ಲದ 125000. ಎಕ್ಸೆಲ್‌ನಲ್ಲಿ ಒಳಗಿರುವುದು ಸಂಖ್ಯೆಯೋ ಪಠ್ಯವೋ ಎಂಬುದನ್ನು ನೋಟದಲ್ಲೇ ಪತ್ತೆಹಚ್ಚಬಹುದು. ನೀವಾಗಿ ಜೋಡಣೆ ಬದಲಿಸಿರದಿದ್ದರೆ ಸಂಖ್ಯೆಗಳು ಕೋಶದ ಬಲಕ್ಕೂ ಪಠ್ಯ ಎಡಕ್ಕೂ ಅಂಟಿಕೊಳ್ಳುತ್ತವೆ. ಶಿಕ್ಷಕಿಯ ಪಟ್ಟಿಯಲ್ಲಿ ಅಂಕಗಳು ಎಡಕ್ಕೆ ಇದ್ದಿರಬೇಕು. ಆ ಕಾಲಂ ಅನ್ನು ಸಂಖ್ಯೆಯಾಗಿ ಪರಿವರ್ತಿಸಿ ಮತ್ತೆ ಜೋಡಿಸಿದರೆ 7, 35, 98, 100 ಬರುತ್ತದೆ.

ಅಂಕಿ ಕಂಡಲ್ಲೆಲ್ಲ ಸಂಖ್ಯೆ ಎಂದುಕೊಳ್ಳುವಂತೆಯೂ ಇಲ್ಲ. ಪೈಥಾನ್ ಭಾಷೆಯ 3.9 ಆದಮೇಲೆ 2021ರಲ್ಲಿ ಬಂದದ್ದು 3.10. ದಶಮಾಂಶವೆಂದು ಓದಿದರೆ ಅದು 3.1 ಆಗಿ ಹಳೆಯ ಆವೃತ್ತಿಗಳ ನಡುವೆ ಸೇರಿಬಿಡುತ್ತದೆ. ಅಲ್ಲಿ ಚುಕ್ಕಿಯ ಎಡಬಲಗಳನ್ನು ಬೇರೆ ಬೇರೆ ಪೂರ್ಣಾಂಕಗಳಾಗಿ ಹೋಲಿಸಬೇಕು.