ಅಮಲಿಲ್ಲದ ಗೋಧಿ ಬಿಯರ್: ರುಚಿಯ ಗುಟ್ಟು ಯೀಸ್ಟ್‌ನಲ್ಲಿದೆ

ಬರ್ಲಿನ್ ಮ್ಯಾರಥಾನ್‌ನಲ್ಲಿ 42.195 ಕಿ.ಮೀ. ಓಡಿ ಗುರಿ ಮುಟ್ಟಿದವರಿಗೆ ಪದಕದ ಜೊತೆಗೆ ನೊರೆ ತುಂಬಿದ ಗೋಧಿ ಬಿಯರೂ ಸಿಗುತ್ತದೆ. ಅದರಲ್ಲಿ ಮದ್ಯಸಾರ ಇರುವುದು ಹೆಸರಿಗಷ್ಟೇ. ಬಿಯರಿನ ತವರು ಎನಿಸಿಕೊಂಡ ಬವೇರಿಯಾದಲ್ಲೇ ಈ ಪೇಯಕ್ಕೆ ನಿಷ್ಠಾವಂತ ಅಭಿಮಾನಿಗಳಿದ್ದಾರೆ. ಆದರೂ ‘ಅಮಲಿಲ್ಲದ ಬಿಯರ್ ಎಂಥ ಬಿಯರು?’ ಎಂದು ಮೂಗು ಮುರಿಯುವವರು ಕಡಿಮೆಯೇನಿಲ್ಲ. ಅವರ ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬೇಕು.

ತಪ್ಪು ಕಲ್ಪನೆ: ಮದ್ಯಸಾರ ಹೋದರೆ ರುಚಿಯೂ ಹೋಯಿತು.

ಸತ್ಯ: ಗೋಧಿ ಬಿಯರಿನ ಘಮ ಹುಟ್ಟುವುದು ಯೀಸ್ಟ್‌ನಿಂದ. ಬವೇರಿಯಾ ಶೈಲಿಯ ಈ ಬಿಯರಿಗೆ ಬಳಸುವ ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಲ್ಲಿ, ಕನಿಷ್ಠ ಅರ್ಧ ಪಾಲು ಗೋಧಿ ಇರಬೇಕು. ಉಳಿದದ್ದು ಸಾಮಾನ್ಯವಾಗಿ ಬಾರ್ಲಿ. ಇದಕ್ಕೆಂದೇ ಬಳಸುವ ಯೀಸ್ಟ್ ಹುದುಗುವಿಕೆಯ ಹೊತ್ತಿನಲ್ಲಿ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವನ್ನು ತಯಾರಿಸುತ್ತದೆ. ಮಾಗಿದ ಬಾಳೆಹಣ್ಣಿನ ಪರಿಮಳದಲ್ಲಿ ಇರುವುದೂ ಇದೇ ಸಂಯುಕ್ತ. ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಅದೇ ಯೀಸ್ಟ್ 4-ವಿನೈಲ್‌ಗ್ವಾಯಕಾಲ್ ಆಗಿ ಬದಲಿಸುತ್ತದೆ; ಲವಂಗದ ವಾಸನೆ ಬರುವುದು ಇದರಿಂದ. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಹೆಫೆವೈಜನ್ ಎಂಬ ಗೋಧಿ ಬಿಯರ್ ಸವಿದವರಿಗೆ ಈ ಬಾಳೆ-ಲವಂಗದ ಜೋಡಿಯ ಪರಿಚಯ ಇದ್ದೇ ಇರುತ್ತದೆ.

ಹಾಗೆಂದು ಮದ್ಯಸಾರಕ್ಕೆ ರುಚಿಯಲ್ಲಿ ಪಾತ್ರವೇ ಇಲ್ಲ ಎನ್ನಲಾಗದು. ಅದು ಪಾನೀಯಕ್ಕೆ ಮೈತುಂಬಿದ ಗುಣವನ್ನೂ ಗಂಟಲಿಗೆ ಸಣ್ಣ ಬಿಸುಪನ್ನೂ ಕೊಡುತ್ತದೆ. ಮಾಲ್ಟ್‌ನಲ್ಲಿರುವ ಆಲ್ಡಿಹೈಡ್‌ಗಳೆಂಬ ಸಂಯುಕ್ತಗಳು ಸುಲಭವಾಗಿ ಆವಿಯಾಗಿ ಮೂಗಿಗೆ ಬಡಿಯದಂತೆಯೂ ತಡೆಯುತ್ತದೆ. ಮದ್ಯಸಾರ ಇಲ್ಲದಾಗ ಹುದುಗದ ಮಾಲ್ಟ್ ರಸದ ಹಸಿ ವಾಸನೆ ಎದ್ದು ಕಾಣುತ್ತದೆ. ತೆಳುವಾದ ಲಾಗರ್ ಬಿಯರಿನಲ್ಲಿ ಈ ದೋಷವನ್ನು ಮುಚ್ಚುವುದು ಕಷ್ಟ. ಗೋಧಿ ಬಿಯರಿನಲ್ಲಿ ಹಣ್ಣು ಮತ್ತು ಮಸಾಲೆಯ ಘಮ, ಗೋಧಿಯ ಪ್ರೊಟೀನ್ ಕೊಡುವ ದಪ್ಪ ನೊರೆ, ಧಾನ್ಯದ ಸಹಜ ಸಿಹಿ ಎಲ್ಲವೂ ಸೇರಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಮದ್ಯಸಾರ ಬಿಟ್ಟ ಮೇಲೂ ತನ್ನತನ ಉಳಿಸಿಕೊಳ್ಳುವ ಬಿಯರುಗಳಲ್ಲಿ ಇದು ಮುಂಚೂಣಿಯಲ್ಲಿ ನಿಲ್ಲುವುದು ಈ ಕಾರಣಕ್ಕೆ.

ತಪ್ಪು ಕಲ್ಪನೆ: ಮಾಮೂಲಿ ಬಿಯರನ್ನು ಕುದಿಸಿದರೆ ಮದ್ಯಸಾರರಹಿತ ಬಿಯರ್ ಸಿದ್ಧ.

ಸತ್ಯ: ಕುದಿಸಿದರೆ ಉಳಿಯುವುದು ಬೇಯಿಸಿದ ರುಚಿಯ ಸಪ್ಪೆ ದ್ರವ. ತಯಾರಕರು ಎರಡು ದಾರಿ ಹಿಡಿಯುತ್ತಾರೆ. ಒಂದು, ಮದ್ಯಸಾರ ಹೆಚ್ಚು ಹುಟ್ಟದಂತೆ ನೋಡಿಕೊಳ್ಳುವುದು: ತಂಪಿನಲ್ಲಿ ಹುದುಗಿಸಿ ನಡುವೆಯೇ ನಿಲ್ಲಿಸುತ್ತಾರೆ, ಇಲ್ಲವೇ ಮಾಲ್ಟ್‌ನ ಮುಖ್ಯ ಸಕ್ಕರೆಯಾದ ಮಾಲ್ಟೋಸನ್ನು ಹುದುಗಿಸಲಾರದ ಯೀಸ್ಟ್ ಬಳಸುತ್ತಾರೆ. ಇನ್ನೊಂದು, ಪೂರ್ತಿ ಹುದುಗಿದ ಬಿಯರಿನಿಂದ ಮದ್ಯಸಾರವನ್ನು ಬೇರ್ಪಡಿಸುವುದು. ನಿರ್ವಾತದಲ್ಲಿ ಒತ್ತಡ ತಗ್ಗಿಸಿದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅದು ಆವಿಯಾಗುತ್ತದೆ. ಸೂಕ್ಷ್ಮ ಪೊರೆಗಳ ಮೂಲಕ ಸೋಸಿಯೂ ತೆಗೆಯಬಹುದು. ಹಾಗೆ ತೆಗೆಯುವಾಗ ಒಂದಿಷ್ಟು ಪರಿಮಳವೂ ಹಾರಿಹೋಗುವುದರಿಂದ ಕೆಲವು ಬ್ರೂವರಿಗಳು ಅದನ್ನು ಹಿಡಿದಿಟ್ಟು ಮತ್ತೆ ಸೇರಿಸುತ್ತವೆ. ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ರುಚಿಯಲ್ಲಿ ಇಷ್ಟೊಂದು ಅಂತರ ಇರುವುದಕ್ಕೆ ಈ ವಿಧಾನಗಳೇ ಕಾರಣ.

ತಪ್ಪು ಕಲ್ಪನೆ: ಮಬ್ಬಾಗಿ, ಕದಡಿದಂತೆ ಕಂಡರೆ ಬಿಯರ್ ಕೆಟ್ಟಿದೆ.

ಸತ್ಯ: ಸೋಸದ ಗೋಧಿ ಬಿಯರಿನ ಲಕ್ಷಣವೇ ಅದು. ತೇಲಾಡುವ ಯೀಸ್ಟ್ ಮತ್ತು ಗೋಧಿಯ ಪ್ರೊಟೀನ್‌ನಿಂದ ಆ ಮಬ್ಬು ಬಣ್ಣ ಬರುತ್ತದೆ. ಬವೇರಿಯಾದಲ್ಲಿ ಕೊನೆಯ ಗುಟುಕಿನಷ್ಟನ್ನು ಬಾಟಲಿಯಲ್ಲೇ ಉಳಿಸಿ, ಗರಗರನೆ ತಿರುಗಿಸಿ, ತಳದ ಯೀಸ್ಟನ್ನೂ ಎತ್ತರದ ಗ್ಲಾಸಿಗೆ ಸುರಿಯುತ್ತಾರೆ.

ತಪ್ಪು ಕಲ್ಪನೆ: ‘ಆಲ್ಕೋಹಾಲ್ ಫ್ರೀ’ ಎಂದರೆ ಒಂದು ಹನಿಯೂ ಇಲ್ಲ, ಇದ್ದರೆ ಅಮಲೇರುತ್ತದೆ.

ಸತ್ಯ: ಎರಡೂ ಸರಿಯಲ್ಲ. ಜರ್ಮನಿಯಲ್ಲಿ ಶೇ. 0.5ರವರೆಗೆ ಮದ್ಯಸಾರವಿದ್ದರೂ ಹಾಗೆ ಕರೆಯಬಹುದು. ಭಾರತದ ಆಹಾರ ಸುರಕ್ಷತಾ ನಿಯಮವೂ ಶೇ. 0.5ಕ್ಕಿಂತ ಹೆಚ್ಚಿರುವುದನ್ನೇ ಮದ್ಯವೆಂದು ಪರಿಗಣಿಸುತ್ತದೆ. ಜರ್ಮನಿಯ ಫ್ರೈಬರ್ಗ್‌ನ ಸಂಶೋಧಕರು ಇಂಥ ಬಿಯರನ್ನು ಒಂದು ಗಂಟೆಯಲ್ಲಿ ಒಂದೂವರೆ ಲೀಟರಿನಷ್ಟು ಕುಡಿಸಿ ಪರೀಕ್ಷಿಸಿದಾಗ, ರಕ್ತದಲ್ಲಿ ಕಂಡ ಗರಿಷ್ಠ ಮದ್ಯಸಾರ ಶೇ. 0.0056 ಮಾತ್ರ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ವಿಧಿಸಿರುವ ಮಿತಿ ಶೇ. 0.03.

ತಪ್ಪು ಕಲ್ಪನೆ: ಇದು ಕುಡಿಯಲಾಗದವರ ಪಾಲಿನ ಸಮಾಧಾನದ ಬಹುಮಾನ.

ಸತ್ಯ: ಹಿಂದೆ ಈ ಮಾತಿಗೆ ಆಧಾರವಿತ್ತು. 1972ರಲ್ಲಿ ಪೂರ್ವ ಜರ್ಮನಿ ‘ಔಬಿ’ ಎಂಬ ಮದ್ಯಸಾರರಹಿತ ಬಿಯರನ್ನು ತಂದದ್ದು ವಾಹನ ಚಾಲಕರಿಗಾಗಿಯೇ. 2001ರಲ್ಲಿ ಮ್ಯೂನಿಕ್ ಬಳಿಯ ಎರ್ಡಿಂಗರ್ ಬ್ರೂವರಿ ಮದ್ಯಸಾರರಹಿತ ಗೋಧಿ ಬಿಯರನ್ನು ಕ್ರೀಡಾಪಟುಗಳ ಪೇಯವಾಗಿ ಮುಂದಿಟ್ಟ ಮೇಲೆ ಚಿತ್ರ ಬದಲಾಯಿತು. ಅರ್ಧ ಲೀಟರಿನಲ್ಲಿ ಸುಮಾರು 125 ಕ್ಯಾಲೊರಿ. ಮಾಮೂಲಿ ಗೋಧಿ ಬಿಯರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು. ದಣಿದು ಬಂದವರು ಇದನ್ನು ಬೇಕೆಂದೇ ಕೇಳಿ ಕುಡಿಯುತ್ತಾರೆ.

ತಪ್ಪು ಕಲ್ಪನೆ: ಹಾಗಾದರೆ ಇದು ಔಷಧವೇ ಸರಿ, ಯಾರು ಎಷ್ಟು ಬೇಕಾದರೂ ಕುಡಿಯಬಹುದು.

ಸತ್ಯ: 2009ರ ಮ್ಯೂನಿಕ್ ಮ್ಯಾರಥಾನ್‌ನಲ್ಲಿ ವೈದ್ಯ ಯೊಹಾನೆಸ್ ಶೆರ್ ಅವರ ತಂಡ 277 ಪುರುಷ ಓಟಗಾರರ ಮೇಲೆ ಅಧ್ಯಯನ ನಡೆಸಿತು. ಓಟಕ್ಕೆ ಮೂರು ವಾರ ಮೊದಲಿನಿಂದ ಎರಡು ವಾರ ನಂತರದವರೆಗೆ ದಿನಕ್ಕೆ 1ರಿಂದ 1.5 ಲೀಟರ್ ಇಂಥ ಬಿಯರ್ ಕುಡಿದವರಲ್ಲಿ ಉರಿಯೂತದ ಗುರುತುಗಳೂ ಶೀತ-ಕೆಮ್ಮಿನಂಥ ಸೋಂಕುಗಳೂ ಕಡಿಮೆ ಕಂಡವು. ಧಾನ್ಯ ಮತ್ತು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನಲ್ಲಿರುವ ಪಾಲಿಫಿನಾಲ್‌ಗಳೆಂಬ ಸಂಯುಕ್ತಗಳಿಗೆ ಸಂಶೋಧಕರು ಇದರ ಶ್ರೇಯ ಕೊಟ್ಟರು. ಆದರೆ ಅಧ್ಯಯನಕ್ಕೆ ಎರ್ಡಿಂಗರ್ ಸಂಸ್ಥೆಯ ನೆರವಿತ್ತು. ಪರೀಕ್ಷೆಗೊಳಗಾದವರು ಆರೋಗ್ಯವಂತ ಗಂಡಸರಷ್ಟೇ. ಅದರ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬುವಷ್ಟು ಸೋಡಿಯಂ ಕೂಡ ಬಿಯರಿನಲ್ಲಿ ಇರುವುದಿಲ್ಲ.

ಕೊಳ್ಳುವ ಮುನ್ನ ಲೇಬಲ್ ಓದಿ. ಧರ್ಮ ಅಥವಾ ಆರೋಗ್ಯದ ಕಾರಣಕ್ಕೆ ಮದ್ಯಸಾರ ಪೂರ್ತಿ ಬೇಡವೆನ್ನುವವರು 0.0 ಎಂದು ಬರೆದಿರುವುದನ್ನೇ ಆರಿಸಿಕೊಳ್ಳಿ. ಮಧುಮೇಹವಿದ್ದವರು ಸಕ್ಕರೆಯ ಪ್ರಮಾಣ ನೋಡಿ. ಸೀಲಿಯಾಕ್ ಕಾಯಿಲೆಯವರಿಗೆ ಇದರಲ್ಲಿರುವ ಗ್ಲುಟೆನ್ ಆಗಿಬರುವುದಿಲ್ಲ. ಕುಡಿತದ ಚಟದಿಂದ ಹೊರಬರುತ್ತಿರುವವರಿಗೆ ಬಿಯರಿನ ವಾಸನೆಯೇ ಹಳೆಯ ಆಸೆಯನ್ನು ಕೆದಕಬಹುದು, ಅವರು ದೂರವಿರುವುದೇ ಲೇಸು. ಉಳಿದವರು ಅಮಲನ್ನು ಅಳತೆಗೋಲು ಮಾಡಿಕೊಳ್ಳದೆ, ಚೆನ್ನಾಗಿ ತಂಪು ಮಾಡಿ, ಪರಿಮಳಕ್ಕಾಗಿಯೇ ಒಮ್ಮೆ ಕುಡಿದು ನೋಡಿ.